ರವಿವಾರದ ಕನ್ನಡ ತರಗತಿ: ಒಂದು ವರ್ಷದ ಲೆಕ್ಕ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

ಮುಂದಿನ ಸಾಲಿನಲ್ಲಿ ಕುಳಿತು, ಭಾಷಣ ಎಂದಿಗೆ ಮುಗಿದೀತು, ಲಾಡು ಎಂದಿಗೆ ಕೈಗೆ ಬಂದೀತು ಎಂದು ಕಾಯುತ್ತಿರುವ ಮಕ್ಕಳೇ,

ರಾಜ್ಯೋತ್ಸವದ ವೇದಿಕೆಯಿಂದ ವಿದ್ವಾಂಸರು ಮಾತನಾಡುವುದು ರೂಢಿ. ಈ ಸಲ ಅಧ್ಯಕ್ಷರು ಆ ರೂಢಿಯನ್ನು ಮುರಿದು ಬ್ಯಾಂಕಿನ ಒಬ್ಬ ಗುಮಾಸ್ತನಿಗೆ ಅಪ್ಪಣೆ ಮಾಡಿದ್ದಾರೆ. ನಾನು ಓದಿದ್ದು ಬಿ.ಕಾಂ.; ಸಾಹಿತ್ಯವೂ ಅಲ್ಲ, ಶಿಕ್ಷಣಶಾಸ್ತ್ರವೂ ಅಲ್ಲ. ಆದರೆ ಎರಡು ವರ್ಷಗಳಿಂದ ಸಂಘದ ರವಿವಾರದ ಪ್ರಾಥಮಿಕ ಕನ್ನಡ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುವ ಮೂವರಲ್ಲಿ ನಾನೊಬ್ಬ. ಆ ತರಗತಿಯ ಮಕ್ಕಳು ಈ ವರ್ಷ ಏನು ಕಲಿತರು, ಎಲ್ಲೆಲ್ಲಿಗೆ ಹೋಗಿಬಂದರು ಎಂಬುದರ ಲೆಕ್ಕ ಒಪ್ಪಿಸುವುದಷ್ಟೇ ನನ್ನ ಕೆಲಸ. ಲೆಕ್ಕ ಒಪ್ಪಿಸುವುದು ನನ್ನ ಹೊಟ್ಟೆಪಾಡಿನ ವೃತ್ತಿಯಾದುದರಿಂದ ಜಮೆಯನ್ನು ಹಿಗ್ಗಿಸುವುದಿಲ್ಲ, ಖರ್ಚನ್ನು ಮುಚ್ಚುವುದಿಲ್ಲ.

ಮೊದಲು ಎರಡು ಮಾತು ಹಿಂದಿನದು. ನಮ್ಮ ಮುತ್ಯಾ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವರು. ಕಲಬುರಗಿ, ರಾಯಚೂರು, ಬೀದರ ಈ ಮೂರು ಜಿಲ್ಲೆಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸರ್ಕಾರದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. ಮುತ್ಯಾ ಶಾಲೆಯಲ್ಲಿ ಉರ್ದು ಕಲಿತರು. ಕನ್ನಡವನ್ನು ಊರ ಮಠದಲ್ಲಿ ಸಂಜೆಯ ದೀಪದ ಬೆಳಕಿನಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿತರು. ಅವರು ಕೆಲಸ ಹುಡುಕಿಕೊಂಡು ಈ ನಗರಕ್ಕೆ ಬಂದಾಗ ಪರರಾಜ್ಯಕ್ಕೆ ಬಂದವರಲ್ಲ, ತಮ್ಮ ರಾಜಧಾನಿಗೆ ಬಂದವರು. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ, ಮರಾಠಿ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ, ತೆಲುಗು ಜಿಲ್ಲೆಗಳು ಈ ನಗರದೊಡನೆ ಆಂಧ್ರಪ್ರದೇಶಕ್ಕೆ ಸೇರಿದವು. ಮುತ್ಯಾ ತಮ್ಮ ಬಾಡಿಗೆಯ ಮನೆಯಿಂದ ಕದಲಲಿಲ್ಲ, ರಾಜ್ಯವೇ ಕದಲಿತು. ಯಾವ ದಿನವನ್ನು ನಾವು ಹಬ್ಬವೆಂದು ಆಚರಿಸುತ್ತೇವೆಯೋ ಅದೇ ದಿನ ನಮ್ಮ ಮನೆಯವರು ಹೊರನಾಡ ಕನ್ನಡಿಗರಾದರು.

ತಮ್ಮಲ್ಲಿ ಅನೇಕರು ಆಮೇಲೆ ಬೆಂಗಳೂರು, ಮಂಗಳೂರು, ಧಾರವಾಡಗಳಿಂದ ಉದ್ಯೋಗದ ನಿಮಿತ್ತ ಬಂದವರು. ಬಂದ ದಾರಿ ಬೇರೆ ಬೇರೆ. ಮನೆಯೊಳಗಿನ ಚಿಂತೆ ಮಾತ್ರ ಒಂದೇ. ನಮ್ಮ ತಂದೆಯವರು ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಓದಿದರು. ನಾನು ಇಂಗ್ಲಿಷಿನಲ್ಲಿ ಓದಿ, ಅವರಿಂದ ಮನೆಯಲ್ಲಿ ಅಕ್ಷರ ಕಲಿತೆ. ನನ್ನ ಮಗಳ ಸರದಿ ಬಂದಾಗ ನನಗೆ ಪುರುಸೊತ್ತಿರಲಿಲ್ಲ. ಬ್ಯಾಂಕು, ಬಸ್ಸು, ಬಡ್ತಿಯ ಪರೀಕ್ಷೆ ಎಂದು ಕಾರಣಗಳು ಬೇಕಾದಷ್ಟಿದ್ದವು.

ಎರಡು ವರ್ಷದ ಹಿಂದೆ ನನ್ನ ಅತ್ತೆಯವರು ಹುಮನಾಬಾದಿನಿಂದ ಬಂದರು. ಅವರ ಕಿರಿಯ ಮಗನ ಮದುವೆ ಗೊತ್ತಾಗಿತ್ತು. ಚೀಲದಿಂದ ಲಗ್ನಪತ್ರಿಕೆ ತೆಗೆದು ಮೊಮ್ಮಗಳ ಕೈಗಿತ್ತು, “ನಿಮ್ಮ ಮಾಮಾನ ಲಗ್ನದ ಕಾರ್ಡವ್ವಾ. ನನಗ ಓದ್ಲಿಕ್ಕ ಬರಂಗಿಲ್ಲ, ನೀ ಸಾಲಿ ಕಲ್ತಾಕಿ ಇದ್ದಿ, ಓದು ಕೇಳಮಿ” ಎಂದರು. ಮೂರನೆಯ ತರಗತಿಯ ಹುಡುಗಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಆಯಿ, ಇದು ನನಗೂ ಬರಲ್ಲ” ಎಂದು ಹಿಂದಕ್ಕೆ ಕೊಟ್ಟಳು. ಶಾಲೆಯ ಮೆಟ್ಟಿಲು ಹತ್ತದ ಮುದುಕಿ, ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕ ತೆತ್ತು ಓದುವ ಮೊಮ್ಮಗಳು, ಆ ಕಾಗದದ ಮುಂದೆ ಇಬ್ಬರೂ ಸರಿಸಮಾನರಾಗಿ ನಿಂತರು. ತಪ್ಪು ಯಾರದೆಂದು ಹುಡುಕಲು ನಾನು ಹೊರಗೆ ಹೋಗಬೇಕಾಗಿರಲಿಲ್ಲ. ಅದೇ ತಿಂಗಳು ಸಂಘದವರು ರವಿವಾರದ ತರಗತಿಯ ವಿಚಾರ ಎತ್ತಿದಾಗ ಮೊದಲು ಕೈ ಎತ್ತಿದವನು ನಾನು.

ಮೊದಲ ವರ್ಷದ ಲೆಕ್ಕ ನಷ್ಟದ್ದು. ಆರಂಭದಲ್ಲಿ ೨೩ ಮಕ್ಕಳು ಬಂದರು. ಯುಗಾದಿಯ ಹೊತ್ತಿಗೆ ೯ ಮಂದಿ ಉಳಿದರು. ನಾವು ಮಾಡಿದ್ದೇನೆಂದರೆ ಶಾಲೆಯನ್ನೇ ಇನ್ನೊಂದು ದಿನಕ್ಕೆ ಎಳೆದದ್ದು: ಕಾಪಿ ಬರೆಯಿಸಿದೆವು, ಉಕ್ತಲೇಖನ ಕೊಟ್ಟೆವು, ಕೆಂಪು ಶಾಯಿಯಿಂದ ಅಂಕ ಹಾಕಿದೆವು. ಒಬ್ಬ ತಾಯಿ ಬಂದು, “ಆರು ದಿನ ಶಾಲೆ, ಏಳನೆಯ ದಿನವೂ ಶಾಲೆಯೇ ಸಾರ್? ಮಗು ಅಳುತ್ತದೆ” ಎಂದರು. ಅವರಿಗೆ ಕೊಡಲು ನಮ್ಮ ಬಳಿ ಉತ್ತರವಿರಲಿಲ್ಲ. ಅಳುವ ಮಗುವಿಗೆ ತಾಯ್ನುಡಿಯ ಮಹಿಮೆ ಹೇಳುವುದು ವ್ಯರ್ಥ.

ಎರಡನೆಯ ವರ್ಷ ನಮ್ಮೊಡನೆ ಇರುವ ನಿವೃತ್ತ ಉಪಾಧ್ಯಾಯಿನಿಯವರು ಒಂದು ಸೂಚನೆ ಕೊಟ್ಟರು. “ಕನ್ನಡ ಎಲ್ಲೋ ದೂರದ ಊರಿನ ವಸ್ತು ಎಂದು ಮಕ್ಕಳಿಗೆ ತೋರುತ್ತಿದೆ. ಅದು ಈ ಊರಿನಲ್ಲೇ ಎಲ್ಲಿದೆಯೆಂದು ಹುಡುಕಲು ಹೇಳೋಣ.” ಅಂದಿನಿಂದ ನಮ್ಮ ತರಗತಿಯ ಪಾಠವೆಲ್ಲ ಈ ಹುಡುಕಾಟವೇ ಆಯಿತು.

ಮೊದಲ ಹುಡುಕಾಟಕ್ಕೆ ಬಂಡವಾಳ ಹೂಡಿದವನು ನಾನು. ಒಂದು ನೂರು ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ಕನ್ನಡ ಎಲ್ಲಿದೆ?” ಎಂದು ಕೇಳಿದೆ. ಗಾಂಧಿಯವರ ಮುಖದ ಕಡೆಯೆಲ್ಲ ಹುಡುಕಿ ಸೋತ ಮೇಲೆ ಒಬ್ಬ ಹುಡುಗ ನೋಟನ್ನು ತಿರುವಿಹಾಕಿದ. ಹಿಂಬದಿಯ ಪಟ್ಟಿಯಲ್ಲಿ ೧೫ ಭಾಷೆಗಳಲ್ಲಿ ಮೊತ್ತ ಬರೆದಿರುತ್ತದೆ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿ, ಆಮೇಲೆ ನಾಲ್ಕನೆಯ ಸಾಲು ಕನ್ನಡ. ಕೆಳಗಿನಿಂದ ಎರಡನೆಯದು ತೆಲುಗು, ಕಟ್ಟಕಡೆಯದು ಉರ್ದು. ನಾನು ದಿನಕ್ಕೆ ಸಾವಿರಾರು ನೋಟು ಎಣಿಸುವವನು. ನಾಲ್ಕನೆಯ ಸಾಲನ್ನು ನಿಂತು ಓದಿದ್ದು ಅಂದೇ. ಮುಂದಿನ ವಾರ ಮಕ್ಕಳು ಮನೆಯಿಂದ ಹತ್ತು, ಇಪ್ಪತ್ತು, ಐವತ್ತರ ನೋಟು ತಂದು ನಾಲ್ಕನೆಯ ಸಾಲನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಐನೂರರ ನೋಟು ತಂದ ಹುಡುಗನ ತಂದೆ ಅದನ್ನು ಹಿಂದಕ್ಕೆ ಪಡೆಯಲು ಬಾಗಿಲಲ್ಲೇ ನಿಂತಿದ್ದರು. ನಿಜಾಮರ ಹಾಲಿ ಸಿಕ್ಕಾ ನೋಟುಗಳ ಮೇಲೂ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆಗೆ ಕನ್ನಡವಿತ್ತೆಂದು ಹೇಳಿದಾಗ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಬೆರಗಾದರು.

ಎರಡನೆಯ ಪಾಠ ಬೀದಿಯ ನಾಮಫಲಕಗಳದು. ೨೦೧೮ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಆದುದರಿಂದ ನಮ್ಮ ಮಕ್ಕಳಿಗೆಲ್ಲ ತೆಲುಗು ಅಕ್ಷರ ಬರುತ್ತದೆ. ಮೊದಲ ವರ್ಷ ನಾವು ಇದನ್ನು ತೊಡಕೆಂದು ಎಣಿಸಿದ್ದೆವು. ಅದು ಕೈಯಲ್ಲಿದ್ದ ಗಂಟು ಎಂಬುದು ತಡವಾಗಿ ತಿಳಿಯಿತು. ಎರಡು ಲಿಪಿಗಳೂ ಒಂದೇ ಬಳ್ಳಿಯ ಕವಲುಗಳು. ಜ, ಬ, ಲ, ಣ ಅಕ್ಷರಗಳು ಹೆಚ್ಚುಕಡಮೆ ಹಾಗೆಯೇ ಇವೆ. ಗ, ರ, ಮ, ವ ಮೊದಲಾದವುಗಳಲ್ಲಿ ತಲೆಕಟ್ಟಿನ ವ್ಯತ್ಯಾಸವೇ ಮುಖ್ಯ: ತೆಲುಗಿನಲ್ಲಿ ಸರಿ ಗುರುತಿನಂಥ ಕೊಂಡಿ, ಕನ್ನಡದಲ್ಲಿ ಅಡ್ಡಗೆರೆ. ಚೆನ್ನಾಗಿ ಬೇರೆಯಾಗಿ ಕಾಣುವುವು ಕ, ತ, ಶ. ಮಕ್ಕಳು ಇವಕ್ಕೆ “ಮೂವರು ತಂಟೆಕೋರರು” ಎಂದು ಹೆಸರಿಟ್ಟರು. ಬೀದಿಯ ಉದ್ದಕ್ಕೂ ನಡೆದು, ಔಷಧಿ ಅಂಗಡಿ, ಮಿಠಾಯಿ ಅಂಗಡಿ, ಕ್ಷೌರದ ಅಂಗಡಿಗಳ ತೆಲುಗು ಫಲಕಗಳನ್ನು ನೋಡಿ ಕನ್ನಡದಲ್ಲಿ ಬರೆದುಕೊಳ್ಳುವುದೇ ಆಟ. ಮೊದಲ ವರ್ಷ ಎಂಟು ತಿಂಗಳು ಹಿಡಿದ ಅಕ್ಷರಮಾಲೆ ಈ ವರ್ಷ ಎರಡು ತಿಂಗಳಿಗೆ ಮುಗಿಯಿತು.

ಮೂರನೆಯದು ಬಸ್ಸು ನಿಲ್ದಾಣದ ಪ್ರವಾಸ. ಮೃಗಾಲಯವನ್ನೂ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನೂ ಬಿಟ್ಟು ಮಕ್ಕಳನ್ನು ಬಸ್ಸು ನಿಲ್ದಾಣಕ್ಕೆ ಯಾರಾದರೂ ಪ್ರವಾಸ ಒಯ್ಯುತ್ತಾರೆಯೇ ಎಂದು ಕೆಲವರು ನಕ್ಕರು. ಆದರೆ ಮೂಸಿ ನದಿಯ ನಡುವಿನ ಇಮ್ಲಿಬನ್‌ನಲ್ಲಿರುವ ಮಹಾತ್ಮಾ ಗಾಂಧಿ ಬಸ್ಸು ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತರೆ ಕರ್ನಾಟಕವೇ ಎದುರಿಗೆ ಬಂದು ನಿಲ್ಲುತ್ತದೆ. ಬೀದರ, ಹುಮನಾಬಾದ, ಬಸವಕಲ್ಯಾಣ, ಕಲಬುರಗಿ, ಯಾದಗಿರಿ, ರಾಯಚೂರು! ಕನ್ನಡದ ಫಲಕಗಳನ್ನು ಮಕ್ಕಳು ಕೂಗಿ ಓದುವುದನ್ನು ಕೇಳಿ ಒಬ್ಬ ಕಂಡಕ್ಟರು, ತನ್ನ ಬಸ್ಸಿಗೆ ಹೊಸ ಏಜೆಂಟರು ಬಂದರೆಂದು ನಗುತ್ತ, ಮಕ್ಕಳನ್ನೆಲ್ಲ ಒಳಗೆ ಹತ್ತಿಸಿ ಕೂಡಿಸಿ ಇಳಿಸಿದರು. ಬಸ್ಸಿನ ನೋಂದಣಿ ಸಂಖ್ಯೆ ಕನ್ನಡ ಅಂಕಿಗಳಲ್ಲಿದ್ದದ್ದು ಮಕ್ಕಳಿಗೆ ದೊಡ್ಡ ಶೋಧ. ೩೮ ಎಂದಿದ್ದರೆ ಬೀದರದ್ದು, ೩೨ ಎಂದಿದ್ದರೆ ಕಲಬುರಗಿಯದು ಎಂದು ತಾವೇ ಕಂಡುಹಿಡಿದರು. ಅಂದು ಕಲಿತ ಅಂಕಿಗಳನ್ನು ಇಂದಿಗೂ ಯಾರೂ ಮರೆತಿಲ್ಲ.

ಅಲ್ಲಿಯೇ ಇನ್ನೊಂದು ಪ್ರಸಂಗ ನಡೆಯಿತು. ತಳ್ಳುಗಾಡಿಯಲ್ಲಿ ಹುರಿದದ್ದನ್ನು ಕೊಂಡೆವು. ಒಬ್ಬಳು ಕಡಲೆಕಾಯಿ ಎಂದಳು, ನನ್ನ ಮಗಳು ಶೇಂಗಾ ಎಂದಳು, ಕರಾವಳಿಯವರ ಮನೆಯ ಹುಡುಗ ನೆಲಗಡಲೆ ಎಂದ. ಮಾರುವವನು ಪಲ್ಲೀ ಎಂದ. “ಸರಿಯಾದ ಕನ್ನಡ ಯಾವುದು?” ಎಂದು ಜಗಳ ಹತ್ತಿತು. ಇದು ಮಕ್ಕಳ ಜಗಳವಷ್ಟೇ ಅಲ್ಲವೆಂದು ತಮಗೆ ಗೊತ್ತು. ಮೊದಲ ವರ್ಷ ಕೆಲವು ಪಾಲಕರು, “ನಮ್ಮ ಮಗು ನಿಮ್ಮ ತರಗತಿಗೆ ಬಂದು ‘ಅದ’, ‘ಬರ್ತದ’ ಎನ್ನುವುದನ್ನು ಕಲಿಯಿತು” ಎಂದು ಆಕ್ಷೇಪಿಸಿದ್ದರು. ಇನ್ನು ಕೆಲವರು, “ಮನೆಯಲ್ಲಿ ಆಯಿ ಎನ್ನುವ ಕೂಸಿಗೆ ಅಜ್ಜಿ ಎಂದು ತಿದ್ದಿಸಿದಿರಿ” ಎಂದು ನೊಂದುಕೊಂಡಿದ್ದರು. ಉಪಾಧ್ಯಾಯಿನಿಯವರು ಅಂದು ಕಾಗದದ ಪೊಟ್ಟಣದ ಮೇಲೆ ಮೂರು ಹೆಸರನ್ನೂ ಬರೆದು, “ಬರೆಯುವಾಗ ಪುಸ್ತಕದ ಕನ್ನಡ ಬರೆಯೋಣ, ಮನೆಯಲ್ಲಿ ಮನೆಯ ಕನ್ನಡ ಆಡೋಣ, ತಿನ್ನುವಾಗ ಜಗಳವಾಡದೆ ತಿನ್ನೋಣ” ಎಂದು ತೀರ್ಪು ಕೊಟ್ಟರು. ಅಂದಿನಿಂದ ತರಗತಿಯಲ್ಲಿ ಒಂದು ಪದಗಳ ಪುಸ್ತಕ ಇಟ್ಟಿದ್ದೇವೆ. ಪ್ರತಿ ಮಗುವೂ ತನ್ನ ಮನೆಯ ಮಾತೊಂದನ್ನು ವಾರಕ್ಕೊಮ್ಮೆ ಅದಕ್ಕೆ ಜಮೆ ಮಾಡುತ್ತದೆ. ಮುನ್ನೂರಕ್ಕೂ ಹೆಚ್ಚು ಮಾತುಗಳು ಈಗ ಅದರಲ್ಲಿವೆ.

ಇನ್ನು ದೊಡ್ಡ ಪ್ರವಾಸದ ವಿಷಯ. ಇಲ್ಲಿಂದ ಸುಮಾರು ೮೦ ಕಿಲೋಮೀಟರು ದೂರದಲ್ಲಿ, ಆಲೇರಿನ ಹತ್ತಿರ, ಕೊಲನುಪಾಕ ಎಂಬ ಊರಿದೆ. ಜೈನರಿಗೆ ಅದು ಪ್ರಸಿದ್ಧ ಕ್ಷೇತ್ರ. ವೀರಶೈವ ಪರಂಪರೆಯವರಿಗೆ ಅದು ರೇಣುಕಾಚಾರ್ಯರು ಸೋಮೇಶ್ವರ ಲಿಂಗದಿಂದ ಉದಿಸಿದರೆಂದು ನಂಬುವ ಕೊಲ್ಲಿಪಾಕಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಕೊಳ್ಳಿಪಾಕೆ ಏಳು ಸಾವಿರವೆಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದ ಕನ್ನಡ ಶಾಸನಗಳು ಅಲ್ಲಿವೆ. ಆತನ ರಾಜಧಾನಿ ಕಲ್ಯಾಣವೆಂದರೆ ಮಕ್ಕಳು ಬಸ್ಸಿನ ಫಲಕದಲ್ಲಿ ಓದಿದ ಬಸವಕಲ್ಯಾಣವೇ.

ಬಾಡಿಗೆಯ ಬಸ್ಸೊಂದರಲ್ಲಿ ೧೭ ಮಕ್ಕಳು, ೧೧ ಹಿರಿಯರು ಹೊರಟೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಚಿತ್ರಾನ್ನ, ಮೊಸರನ್ನ ಎಲ್ಲ ಇದ್ದವು. ಕುಡಿಯುವ ನೀರಿನ ಕ್ಯಾನು ಸಂಘದ ಮೆಟ್ಟಿಲ ಮೇಲೆಯೇ ಉಳಿಯಿತು. ಅದರ ಹೊಣೆ ನನ್ನದಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಸೋಮೇಶ್ವರ ದೇವಾಲಯದ ಆವರಣದಲ್ಲಿ ಹಳೆಯ ಶಿಲ್ಪಗಳನ್ನೂ ಶಾಸನಗಳನ್ನೂ ಇರಿಸಿದ್ದಾರೆ. ಶಾಸನದ ಲಿಪಿ ಇಂದಿನಂತಲ್ಲ. ಮಕ್ಕಳಿಗೆ ಮೊದಲು ನಿರಾಸೆಯಾಯಿತು. ಉಪಾಧ್ಯಾಯಿನಿಯವರು ಒಂದು ಕಲ್ಲಿನ ಮುಂದೆ ಕುಳಿತು, “ಇಡೀ ಸಾಲು ಬೇಡ, ಗೊತ್ತಿರುವ ಒಂದು ಅಕ್ಷರ ಹುಡುಕಿ” ಎಂದರು. ಒಂದು ಮಗು ಗ ಕಂಡಿತು, ಇನ್ನೊಂದು ರ, ಮತ್ತೊಂದು ಶ್ರೀ ಎಂದು ಕೂಗಿತು. ಅರ್ಧ ಗಂಟೆಯಲ್ಲಿ ಕಲ್ಲಿನ ಸುತ್ತ ನಿಲ್ಲಲು ಸ್ಥಳವಿಲ್ಲದಂತಾಯಿತು. ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ಬಂದು ನೋಡಿ, ಇದು ನಮ್ಮ ತೆಲುಗೇ ಅಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು. ನಮ್ಮ ಎಂಟು ವರ್ಷದ ಹುಡುಗನೊಬ್ಬ ಅವರಿಗೆ ತೆಲುಗಿನಲ್ಲಿಯೇ, “ಕಾದು ತಾತಾ, ಕನ್ನಡಂ” ಎಂದ. ಇಬ್ಬರೂ ಸರಿ ಎಂದು ಉಪಾಧ್ಯಾಯಿನಿಯವರು ವಿವರಿಸಿದರು: ಆ ಕಾಲದಲ್ಲಿ ಎರಡು ಭಾಷೆಗಳನ್ನೂ ಬರೆಯುತ್ತಿದ್ದದ್ದು ಬಹುಮಟ್ಟಿಗೆ ಒಂದೇ ಲಿಪಿಯಲ್ಲಿ. ಲಿಪಿಯಲ್ಲಿ ಇಬ್ಬರೂ ಗೆದ್ದರು, ಭಾಷೆಯಲ್ಲಿ ಹುಡುಗ ಗೆದ್ದ. ಆ ಹಿರಿಯರು ಸಂತೋಷಪಟ್ಟು, ನೀರಿಲ್ಲದೆ ಬಂದಿದ್ದ ನಮಗೆಲ್ಲ ತಮ್ಮ ಮನೆಯಿಂದ ಎರಡು ಕೊಡ ನೀರು ತರಿಸಿಕೊಟ್ಟರು. ನನ್ನ ಮಾನ ಉಳಿಯಿತು.

ಇಂಥ ಶಾಸನಗಳು ಬಹುತೇಕ ದಾನದ ದಾಖಲೆಗಳು: ಯಾರು ಕೊಟ್ಟರು, ಎಷ್ಟು ಭೂಮಿ, ಯಾವ ದೇವರಿಗೆ, ಯಾವ ದಿನ, ಅಳಿಸಿದವನಿಗೆ ಯಾವ ಪಾಪ. ಒಂಬೈನೂರು ವರ್ಷದ ಹಿಂದಿನ ಲೆಡ್ಜರು ಎಂದು ನಾನು ಹೇಳಿದಾಗ ಮಕ್ಕಳು ನನ್ನ ಕಸಬಿಗೆ ಮೊದಲ ಸಲ ಗೌರವ ತೋರಿದರು. ಹಿಂದಿರುಗುವಾಗ ಒಬ್ಬ ಹುಡುಗಿ, “ಅಂಕಲ್, ಹಾಗಾದರೆ ಕನ್ನಡ ನಮಗಿಂತ ಮುಂಚೆಯೇ ಇಲ್ಲಿಗೆ ಬಂದಿತ್ತಾ?” ಎಂದು ಕೇಳಿದಳು. ಹೌದು ಎಂದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ಗೋದಾವರಿ ಇರುವುದು ನಮ್ಮಿಂದ ಉತ್ತರಕ್ಕೆ. ಇದನ್ನು ಹೇಳುವುದು ಈ ಊರನ್ನು ನಮ್ಮದೆಂದು ಸಾಧಿಸುವುದಕ್ಕಲ್ಲ. ಅನ್ನ ಕೊಟ್ಟ ಊರಿನೊಡನೆ ಅಂಥ ಜಗಳ ಯಾರಿಗೂ ಬೇಡ. ಇಲ್ಲಿ ಕನ್ನಡ ಓದುವ ಮಗು ಪರದೇಶಿಯಲ್ಲ ಎಂಬ ಧೈರ್ಯ ಆ ಮಗುವಿಗೆ ಬರಲಿ ಎಂಬುದಕ್ಕೆ.

ಕಡೆಯ ಕೆಲಸ ಕಾಗದ ಬರೆಯುವುದು. ಪ್ರತಿ ಮಗುವಿಗೂ ಒಂದೊಂದು ಅಂಚೆ ಕಾರ್ಡು ಕೊಟ್ಟು, ಕೊಲನುಪಾಕದಲ್ಲಿ ಕಂಡದ್ದನ್ನು ಕರ್ನಾಟಕದಲ್ಲಿರುವ ಯಾರಿಗಾದರೂ ಬರೆಯಲು ಹೇಳಿದೆವು. ತಪ್ಪು ತಿದ್ದಬಾರದೆಂದು ನಾವೇ ಪ್ರತಿಜ್ಞೆ ಮಾಡಿಕೊಂಡೆವು. ಅಬಿಡ್ಸ್‌ನ ದೊಡ್ಡ ಅಂಚೆಕಚೇರಿಗೆ ಸಾಲಾಗಿ ಹೋಗಿ ಪೆಟ್ಟಿಗೆಗೆ ಹಾಕಿಬಂದೆವು. ಹದಿನೇಳರಲ್ಲಿ ಹದಿನಾಲ್ಕು ಕಾರ್ಡು ತಲುಪಿದ ಸುದ್ದಿ ಬಂತು. ಒಂದು ಮಗುವಿಗೆ ಮಾತ್ರ ಬರೆಯಲು ಯಾರೂ ಇರಲಿಲ್ಲ. ಊರಿನ ಹಿರಿಯರು ತೀರಿಕೊಂಡಿದ್ದರು, ಸೋದರ ಸಂಬಂಧಿಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆತ ನಮ್ಮ ಉಪಾಧ್ಯಾಯಿನಿಯವರಿಗೆ ಬರೆದ; ಅವರು ಅಂಚೆಯಲ್ಲಿಯೇ ಉತ್ತರ ಕೊಟ್ಟರು. ಅವನ ಕಾರ್ಡು ನೋಡಿದ ದಿನ ನನಗೆ ಹೆದರಿಕೆಯಾಯಿತು. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಎಲ್ಲ ಮಕ್ಕಳ ಸ್ಥಿತಿಯೂ ಅದೇ ಆಗಬಹುದು: ಬರೆಯಲು ಬರುತ್ತದೆ, ಓದುವವರಿಲ್ಲ.

ನನ್ನ ಮಗಳು ಹುಮನಾಬಾದಿಗೆ ಬರೆದಳು. ಆರು ಸಾಲಿನಲ್ಲಿ ಒಂಬತ್ತು ತಪ್ಪು. ವಾರದ ಮೇಲೆ ಅತ್ತೆಯವರ ಫೋನು ಬಂತು. ಪಕ್ಕದ ಮನೆಯ ಹುಡುಗನಿಂದ ಮೂರು ಸಲ ಓದಿಸಿದರಂತೆ. “ನನ್ನ ಹೆಸರಿಗೆ ಅಂತ ಬಂದ ಮೊದಲನೇ ಕಾಗದ ನೋಡವ್ವಾ ಇದು. ದೇವರ ಜಗಲಿ ಮ್ಯಾಲ ಇಟ್ಟೀನಿ” ಎಂದರು. ಅರವತ್ತೆಂಟು ವರ್ಷದ ಬಾಳಿನಲ್ಲಿ ಮೊದಲನೆಯ ಕಾಗದ! ಮಗಳು ಫೋನು ಇಟ್ಟವಳೇ ಇನ್ನೊಂದು ಕಾರ್ಡು ಕೇಳಿದಳು.

ಜಮೆಯಾಯಿತು, ಬಾಕಿಯನ್ನೂ ಹೇಳಬೇಕು. ಮಕ್ಕಳಿಗೆ ಒತ್ತಕ್ಷರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಒಂದು ಪುಟದ ಕಥೆಯನ್ನು ತಡೆಯಿಲ್ಲದೆ ಓದುವವರು ೧೭ರಲ್ಲಿ ಐದು ಮಂದಿ ಮಾತ್ರ. ತಮ್ಮತಮ್ಮಲ್ಲಿ ಆಡುವಾಗ ಇಂಗ್ಲಿಷಿಗೋ ಹಿಂದಿಗೋ ಜಾರುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಹಾಜರಿ ಅರ್ಧಕ್ಕಿಳಿಯುತ್ತದೆ. ೧೦ಕ್ಕಿಂತ ಕಡಮೆಯಾದರೆ ಕೋಣೆಯನ್ನು ಬೇರೆ ಕಾರ್ಯಕ್ಕೆ ಕೊಡಬೇಕಾಗುತ್ತದೆಂದು ಸಂಘದವರು ಹೇಳಿದ್ದಾರೆ. ಅವರದು ಅನ್ಯಾಯದ ಮಾತಲ್ಲ.

ಆದುದರಿಂದ ಪಾಲಕರಲ್ಲಿ ಮೂರು ಬಿನ್ನಹ. ರವಿವಾರ ಬೆಳಗಿನ ಎರಡು ಗಂಟೆಯನ್ನು ಟ್ಯೂಷನ್ನಿಗೆ ಕೊಡದೆ ನಮಗೆ ಕೊಡಿ. ಮಗು ಎಷ್ಟು ಅಂಕ ತಂದಿತೆಂದು ಕೇಳಬೇಡಿ, ಏನು ಓದಿತೆಂದು ಕೇಳಿ. ಮಗು ಬರೆದ ಕನ್ನಡ ಕಾಗದಕ್ಕೆ ಕನ್ನಡದಲ್ಲಿ ಉತ್ತರ ಬರೆಯಿರಿ; ಮರೆತಿದ್ದರೆ ನೀವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಈಗಾಗಲೇ ಇಬ್ಬರು ತಂದೆಯರು ಹಾಗೆ ಕುಳಿತು ಅಕ್ಷರ ಕಲಿಯುತ್ತಿದ್ದಾರೆ. ಅವರ ಉಕ್ತಲೇಖನವನ್ನು ಅವರ ಮಕ್ಕಳೇ ತಿದ್ದುತ್ತಾರೆ.

ಮುಂದಿನ ವರ್ಷ ವೇಮುಲವಾಡಕ್ಕೂ ಕುರಿಕ್ಯಾಲದ ಬೊಮ್ಮಲಗುಟ್ಟಕ್ಕೂ ಹೋಗುವ ಯೋಜನೆಯಿದೆ. ಆದಿಕವಿ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ಆ ವೇಮುಲವಾಡ. ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಬರೆಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ೨೦೦೮ರ ಅಕ್ಟೋಬರ್ ೩೧ರಂದು ಕನ್ನಡ, ತೆಲುಗುಗಳೆರಡಕ್ಕೂ ಒಂದೇ ದಿನ ಶಾಸ್ತ್ರೀಯ ಭಾಷೆಯ ಸ್ಥಾನ ದೊರಕಿತು. ಅದಕ್ಕೆ ಸಾವಿರ ವರ್ಷ ಮುಂಚೆಯೇ ಎರಡೂ ಒಂದು ಬಂಡೆಯನ್ನು ಹಂಚಿಕೊಂಡಿದ್ದವು. ಅದನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಬೇಕು.

ಬಸ್ಸಿನಲ್ಲಿ ೪೦ ಆಸನಗಳಿವೆ. ಸದ್ಯಕ್ಕೆ ೧೭ ತುಂಬಿವೆ. ಉಳಿದವನ್ನು ತುಂಬುವುದು ತಮ್ಮ ಕೈಯಲ್ಲಿದೆ. ನೀರಿನ ಕ್ಯಾನನ್ನು ಈ ಸಲ ಮರೆಯುವುದಿಲ್ಲವೆಂದು ಮಾತು ಕೊಟ್ಟು, ಲಾಡಿಗೂ ಮಕ್ಕಳಿಗೂ ನಡುವೆ ನಿಂತಿರುವ ನನ್ನ ಮಾತನ್ನು ಇಲ್ಲಿಗೆ ಮುಗಿಸುತ್ತೇನೆ.